ನಮ್ಮ ಮನೆಯ ಕೆರೆ, ನಮ್ಮ ಕೈಯ ತೂಬು


ಇಂದಿನ ಧಮ್ಮ ಚಿಂತನೆ

ಕೋಲಿಯರ ನಾಡಿನ ದೀಘಜಾನು ಎಂಬ ಗೃಹಸ್ಥ ಭಗವಾನ್ ಬುದ್ಧರನ್ನು ಕೇಳಿದ: ಹೆಂಡತಿ ಮಕ್ಕಳೊಂದಿಗೆ ಬಾಳುವ ನಮ್ಮಂಥವರಿಗೆ ಸುಖದ ದಾರಿ ಯಾವುದು? ಬುದ್ಧರು ಅವನಿಗೆ ಮನೆ ಬಿಡು ಎನ್ನಲಿಲ್ಲ. ನಾಲ್ಕು ಗುಣಗಳನ್ನು ತಿಳಿಸಿದರು. ಅಂಗುತ್ತರ ನಿಕಾಯದಲ್ಲಿ ಅವು ಹೀಗಿವೆ:

1. ಉಟ್ಠಾನ ಸಂಪದಾ: ಬೇಸಾಯವೋ ನೌಕರಿಯೋ, ಕೆಲಸವನ್ನು ಚೆನ್ನಾಗಿ ಕಲಿತು ಶ್ರದ್ಧೆಯಿಂದ ಮಾಡುವುದು.
2. ಆರಕ್ಖ ಸಂಪದಾ: ನ್ಯಾಯವಾಗಿ ದುಡಿದದ್ದನ್ನು ಕಾಪಾಡಿಕೊಳ್ಳುವುದು.
3. ಕಲ್ಯಾಣ ಮಿತ್ತತಾ: ಶೀಲವಂತರ, ತಿಳಿದವರ ಸ್ನೇಹ.
4. ಸಮಜೀವಿತಾ: ದುಂದೂ ಮಾಡದೆ, ಜಿಪುಣತನವೂ ಇಲ್ಲದೆ, ಆದಾಯದೊಳಗೆ ಬಾಳುವುದು.

ಇದಕ್ಕೆ ಬುದ್ಧರು ಕೊಟ್ಟ ಹೋಲಿಕೆ ಕೆರೆಯದು. ನೀರು ಬರುವ ಕಾಲುವೆ ನಾಲ್ಕು, ಹೊರಹೋಗುವ ತೂಬು ನಾಲ್ಕು. ಲಂಪಟತನ, ಕುಡಿತ, ಜೂಜು, ಕೆಟ್ಟವರ ಸಹವಾಸ: ಈ ನಾಲ್ಕು ತೂಬು ತೆರೆದಿದ್ದರೆ ತುಂಬಿದ ಕೆರೆಯೂ ಬತ್ತುತ್ತದೆ.

ಬಂಧುಗಳೇ, ನಮ್ಮ ಹಿರಿಯರಿಗೆ ಕಾಲುವೆಯೇ ಇರಲಿಲ್ಲ. ಜಾತಿ ಅದನ್ನು ಅಡ್ಡಗಟ್ಟಿತ್ತು. ಹಗಲಿಡೀ ದುಡಿದರೂ ಕೆರೆ ತುಂಬದಿದ್ದುದು ಅವರ ತಪ್ಪಲ್ಲ. ಬಾಬಾಸಾಹೇಬರು ಓದಿನ, ಉದ್ಯೋಗದ ಕಾಲುವೆ ತೆರೆಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದನ್ನೂ ಸೇರಿಸಿ ತೂಬನ್ನೂ ತೋರಿಸಿದರು. ಅಡ್ಡಗಟ್ಟಿದ ಕಾಲುವೆಗಳಿಗಾಗಿ ಹೋರಾಟ ಇನ್ನೂ ನಡೆಯಬೇಕು. ಆದರೆ ಸಂಜೆಯ ಕುಡಿತ, ಮೊಬೈಲಿನ ಜೂಜು, ನಾಲ್ಕು ಜನ ನೋಡಲೆಂದು ಸಾಲ ಮಾಡಿ ನಡೆಸುವ ಮದುವೆ, ಇವುಗಳ ತೂಬು ಮುಚ್ಚಲು ಯಾರ ಅಪ್ಪಣೆಯೂ ಬೇಕಿಲ್ಲ.

ಇಂದಿನ ಅಭ್ಯಾಸ: ರಾತ್ರಿ ಮನೆಯವರೆಲ್ಲ ಕೂತು ಈ ತಿಂಗಳ ಆದಾಯ, ಖರ್ಚು ಬರೆಯಿರಿ. ಯಾವ ತೂಬು ಸೋರುತ್ತಿದೆ ನೋಡಿ. ಒಂದನ್ನು ಮುಚ್ಚಿ. ಉಳಿದ ಹಣ ಮಕ್ಕಳ ಓದಿಗೆ ಹೋಗಲಿ.

ಭವತು ಸಬ್ಬ ಮಂಗಲಂ.