ದವಡೆಯ ಕೀಲು ಮತ್ತು ಬಾಯಿಯ ದಬ್ಬೆ

ಎರಡು ಕಿವಿಗಳ ಮುಂದೆ ಬೆರಳುಗಳನ್ನಿಟ್ಟು ಬಾಯನ್ನು ಮೆಲ್ಲನೆ ತೆರೆದು ಮುಚ್ಚಿರಿ. ಬೆರಳಿನ ಕೆಳಗೆ ಏನೋ ಉರುಳಿ ಮುಂದಕ್ಕೆ ಜಾರಿದಂತೆ ತೋರುವುದು. ಅದೇ ದವಡೆಯ ಕೀಲು. ಕೆಳದವಡೆಯ ಗುಂಡಾದ ತುದಿಯು ತಲೆಬುರುಡೆಯ ಒಂದು ಕುಳಿಯಲ್ಲಿ ನೆಲೆಸಿದೆ. ಇವೆರಡರ ನಡುವೆ ನಾರಿನಿಂದಾದ ತೆಳ್ಳನೆಯ ಬಿಲ್ಲೆಯೊಂದುಂಟು. ಬಾಗಿಲಿನ ಕೀಲು ತಿರುಗಬಲ್ಲುದು, ಅಷ್ಟೆ. ದವಡೆಯ ಕೀಲಾದರೋ ತಿರುಗುವುದರೊಡನೆ ಜಾರಲೂ ಬಲ್ಲುದು.

ಬಿಲ್ಲೆಯು ಸ್ಥಾನ ಬದಲಿಸಿದರೆ ಬಾಯಿ ತೆರೆಯುವಾಗ 'ಟಕ್' ಎಂಬ ಸದ್ದಾಗಬಹುದು. ನೋವಿಲ್ಲದ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಆದರೆ ಅಗಿಯುವ ಸ್ನಾಯುಗಳು ನೊಂದಾಗ, ಕೀಲು ಊದಿಕೊಂಡಾಗ, ಬಾಯಿ ಪೂರ್ತಿ ತೆರೆಯದಿದ್ದಾಗ ಅದು ವ್ಯಾಧಿಯೆನಿಸುತ್ತದೆ. ಪೆಟ್ಟು, ಸಂಧಿವಾತ, ಹಲ್ಲು ಕಡಿಯುವ ಅಭ್ಯಾಸ, ಮಾನಸಿಕ ಒತ್ತಡ ಮುಂತಾದ ಹಲವು ಅಂಶಗಳು ಇದರಲ್ಲಿ ಸೇರಿಕೊಂಡಿರಬಹುದು.

ಇದಕ್ಕೆ ದಂತವೈದ್ಯರು ಬಳಸುವ ಉಪಕರಣಗಳಲ್ಲಿ ಒಂದು ಸ್ಪ್ಲಿಂಟ್. ಮುರಿದ ಕೈಗೆ ಕಟ್ಟುವ ದಬ್ಬೆಗೂ ಇದೇ ಹೆಸರು. ಆದರೆ ಆ ದಬ್ಬೆ ಮೂಳೆಯನ್ನು ಅಲುಗದಂತೆ ಹಿಡಿಯುತ್ತದೆ. ಬಾಯಿಯ ಸ್ಪ್ಲಿಂಟ್ ದವಡೆಯನ್ನು ಬಂಧಿಸುವುದಿಲ್ಲ. ರೋಗಿಯ ಹಲ್ಲುಗಳ ಅಚ್ಚು ತೆಗೆದು, ಗಟ್ಟಿಯಾದ ಅಕ್ರಿಲಿಕ್‌ನಿಂದ ಒಂದು ಸಾಲಿನ ಹಲ್ಲುಗಳನ್ನೆಲ್ಲ ಮುಚ್ಚುವಂತೆ ಇದನ್ನು ತಯಾರಿಸುತ್ತಾರೆ. ಎದುರು ಸಾಲಿನ ಹಲ್ಲುಗಳು ಅದರ ನುಣುಪಾದ ಮೇಲ್ಮೈಯನ್ನು ಸಮನಾಗಿ ಮುಟ್ಟುವುದರಿಂದ ಕಚ್ಚುವ ಬಲವು ಹಂಚಿಹೋಗುತ್ತದೆ. ಬಹುಮಟ್ಟಿಗೆ ಇದನ್ನು ರಾತ್ರಿ ಮಾತ್ರ ಧರಿಸುವುದು ವಾಡಿಕೆ. ಕೆಲವೇ ಹಲ್ಲುಗಳನ್ನು ಮುಚ್ಚುವ ಸ್ಪ್ಲಿಂಟನ್ನು ಬಹುಕಾಲ ಧರಿಸಿದರೆ ಉಳಿದ ಹಲ್ಲುಗಳು ಸ್ಥಳ ಬಿಟ್ಟು ಸರಿಯಬಹುದು.

ಇದು ನೋವನ್ನು ಗುಣಪಡಿಸುವುದೆ? 1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಹಲ್ಲು ಕಳೆದುಕೊಂಡವರ ದವಡೆ ಅತಿಯಾಗಿ ಮುಚ್ಚಿಕೊಳ್ಳುವುದೇ ಇಂತಹ ನೋವಿಗೆ ಕಾರಣವೆಂದು ವಾದಿಸಿದನು. ಹಾಗಾದರೆ ಹಲ್ಲುಗಳ ನಡುವಿನ ಅಂತರವನ್ನು ಹೆಚ್ಚಿಸಿದೊಡನೆ ನೋವು ನೀಗಬೇಕಷ್ಟೆ! ಆ ವಿವರಣೆ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಸ್ಪ್ಲಿಂಟ್ ಹಲ್ಲುಗಳನ್ನು ಸವೆತದಿಂದ ಕಾಪಾಡುವುದು ನಿಜ. ನೋವನ್ನು ಶಮನಗೊಳಿಸುವುದೆಂಬುದಕ್ಕೆ ಸಿಕ್ಕಿರುವ ಪ್ರಮಾಣ ದುರ್ಬಲ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಮಾರ್ಗಸೂಚಿಯು ದೀರ್ಘಕಾಲದ ದವಡೆನೋವಿಗೆ ದವಡೆಯ ವ್ಯಾಯಾಮ, ಮನೋವರ್ತನೆಯ ಚಿಕಿತ್ಸೆ ಮೊದಲಾದವುಗಳನ್ನು ಮುಂದಿಟ್ಟು, ಸ್ಪ್ಲಿಂಟನ್ನು ಸಾಮಾನ್ಯವಾಗಿ ಬಳಸದಿರುವುದೇ ಲೇಸೆಂದಿತು.

ತೆಗೆದಿಡಬಹುದಾದ ಸ್ಪ್ಲಿಂಟ್ ಹಿತವಾಗದಿದ್ದರೆ ಬಿಟ್ಟುಬಿಡಬಹುದು. ಉಜ್ಜಿ ತೆಗೆದ ಹಲ್ಲು ಮರಳಿ ಬೆಳೆಯದು. ಆದುದರಿಂದ ಮೃದುವಾದ ಆಹಾರ, ದವಡೆಗೆ ವಿಶ್ರಾಂತಿ, ಬಿಸಿ ಶಾಖ, ವ್ಯಾಯಾಮ ಇವೇ ಮೊದಲಿನ ಮೆಟ್ಟಿಲುಗಳು. ಸುಮ್ಮನಿರುವಾಗ ತುಟಿಗಳು ಕೂಡಿರಲಿ, ಹಲ್ಲುಗಳು ಬಿಡಿಯಾಗಿರಲಿ. ಈ ಅಭ್ಯಾಸಕ್ಕೆ ಕಾಸಿನ ಖರ್ಚೂ ಇಲ್ಲ.