ಕೊನೆಯ ಸಾಲಿನ ಮಗುವಿಗೆ ಮೂರು ಸೆಕೆಂಡು

ಕೊಳ್ಳೇಗಾಲದ ಕಡೆಯಿಂದ ಒಡೆಯರಪಾಳ್ಯಕ್ಕೆ ಬರುವ ಬಸ್ಸಿನಲ್ಲಿ ಕೂತರೆ ನಾಲ್ಕು ನುಡಿ ಕಿವಿಗೆ ಬೀಳುತ್ತವೆ. ಚಾಮರಾಜನಗರ ಸೀಮೆಯ ಕನ್ನಡ, ಗಡಿಯಾಚೆಯ ತಮಿಳು, ಕಾಡಂಚಿನ ಪೋಡುಗಳೆಂಬ ಹಾಡಿಗಳಿಂದ ಬಂದ ಸೋಲಿಗ ಬುಡಕಟ್ಟಿನವರ ನುಡಿ, 1974ರಲ್ಲಿ ಇಲ್ಲಿ ನೆಲೆ ನಿಂತ ಧೋಂಡೆನ್‌ಲಿಂಗ್ ಟಿಬೆಟನ್ ಶಿಬಿರದವರ ಮಾತು. ಕೌನ್ಸೆಲಿಂಗ್‌ನಲ್ಲಿ ಹನೂರು ತಾಲ್ಲೂಕಿನ ಶಾಲೆ ಸಿಕ್ಕ ಹೊಸ ಶಿಕ್ಷಕರೂ ಮೊದಲ ದಿನ ಇಂಥದ್ದೇ ಬಸ್ಸಿನಿಂದ ಇಳಿಯುತ್ತಾರೆ. ಶಾಲೆಗೆ ಬಂದು, ರಿಜಿಸ್ಟರಿಗೆ ಸಹಿ ಹಾಕಿ, ಟೀ ಕುಡಿಯುವಷ್ಟರಲ್ಲಿ ಯಾರಾದರೂ ಒಬ್ಬರು ಹೇಳಿಯೇ ಬಿಡುತ್ತಾರೆ: "ಇಲ್ಲಿನ ಮಕ್ಕಳ ಕಥೆ ಗೊತ್ತಲ್ಲ ಸರ್, ಏನು ಹೇಳಿದರೂ ತಲೆಗೆ ಹತ್ತಲ್ಲ. ಶಾಲೆಗೆ ಬಂದರೆ ಅದೇ ದೊಡ್ಡದು."

ಈ ಮಾತಿನಲ್ಲಿ ದ್ವೇಷವಿಲ್ಲ. ಸುಸ್ತಾದವರ ಮಾತು ಅದು. ಆದರೆ ವರ್ಷದ ಪಾಠ ಹೇಗೆ ನಡೆಯಬೇಕು ಎಂಬುದನ್ನು ಪಠ್ಯಪುಸ್ತಕ ತೆರೆಯುವ ಮೊದಲೇ ಅದು ತೀರ್ಮಾನಿಸಿಬಿಡುತ್ತದೆ. ಮಕ್ಕಳ ಎದುರಿಗೆ ಅದನ್ನು ಒಮ್ಮೆಯೂ ಹೇಳದಿದ್ದರೂ ಅವರಿಗೆ ಗೊತ್ತಾಗುತ್ತದೆ. ಯಾರನ್ನು ಪ್ರಶ್ನೆ ಕೇಳುತ್ತೀರಿ, ಯಾರ ಉತ್ತರಕ್ಕೆ ಕಾಯುತ್ತೀರಿ, ಯಾರ ಪುಸ್ತಕವನ್ನು ಕೈಗೆತ್ತಿಕೊಂಡು ನೋಡುತ್ತೀರಿ ಎಂಬುದರಲ್ಲಿ ಅವರು ಅದನ್ನು ಓದಿಕೊಳ್ಳುತ್ತಾರೆ.

ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಶಿಕ್ಷಣದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಒಂದು ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಿ, "ಈ ವರ್ಷ ಇವರು ಚೆನ್ನಾಗಿ ಮೇಲೆ ಬರುತ್ತಾರೆ" ಎಂದು ಶಿಕ್ಷಕರಿಗೆ ತಿಳಿಸಲಾಯಿತು. ವರ್ಷದ ಕೊನೆಗೆ ಒಂದು ಮತ್ತು ಎರಡನೇ ತರಗತಿಗಳಲ್ಲಿ ಆ ಮಕ್ಕಳು ನಿಜವಾಗಿಯೂ ಮುಂದೆ ಹೋಗಿದ್ದರು. ಈ ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲೆ ಬಹಳ ವಾದವಾಗಿದೆ, ಪ್ರತಿ ತರಗತಿಯಲ್ಲೂ ಪವಾಡ ನಡೆಯುತ್ತದೆ ಎಂದು ನಂಬಬೇಕಿಲ್ಲ. ಆದರೆ ಚಿಕ್ಕ ತರಗತಿಗಳಲ್ಲಿ, ಮೊದಲ ಪೀಳಿಗೆ ಅಕ್ಷರ ಕಲಿಯುತ್ತಿರುವ ಮನೆಗಳ ಮಕ್ಕಳಿಗೆ, ಮೇಷ್ಟ್ರ ಮುಖವೇ ದೊಡ್ಡ ಪಠ್ಯ ಎಂಬುದು ಈ ಭಾಗದಲ್ಲಿ ಪಾಠ ಮಾಡಿದವರಿಗೆಲ್ಲ ತಿಳಿದದ್ದು.

"ಮನೋಭಾವ ಬದಲಿಸಿಕೊಳ್ಳಿ" ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಮನಸ್ಸು ಹಾಗೆ ಹೇಳಿದ ಕೂಡಲೇ ಬದಲಾಗುವುದಿಲ್ಲ. ಕೈಯ ಅಭ್ಯಾಸಗಳನ್ನು ಬದಲಿಸಿದರೆ ಮನಸ್ಸು ಹಿಂದೆ ಬರುತ್ತದೆ. ಆದ್ದರಿಂದ ಇಲ್ಲಿರುವುದು ಮಾಡಿ ನೋಡಬಹುದಾದ ಕೆಲಸಗಳು.

ಮೊದಲ ವಾರ: ಹೆಸರು ಮತ್ತು ಒಂದು ನೋಟ್‌ಬುಕ್

ಮಲೆ ಮಹದೇಶ್ವರನ ಸೀಮೆ ಇದು. ಒಂದೇ ತರಗತಿಯಲ್ಲಿ ಮೂವರು ಮಾದೇಶ, ಇಬ್ಬರು ಮಾದೇವಿ ಇರುವುದು ಸಾಮಾನ್ಯ. ಗುರುತಿಗೆಂದು "ಗಿಡ್ಡ ಮಾದೇಶ", "ಕರಿ ಮಾದೇಶ", "ಕಾಡಿನ ಮಾದೇಶ" ಎಂದು ಕರೆಯುವ ರೂಢಿ ಬೆಳೆದುಬಿಡುತ್ತದೆ. ಮಕ್ಕಳೂ ನಗುತ್ತಾರೆ, ಆ ಮಗುವೂ ನಗುತ್ತದೆ. ಮೊದಲ ದಿನವೇ ಅದನ್ನು ನಿಲ್ಲಿಸಿ. ತಂದೆಯ ಅಥವಾ ತಾಯಿಯ ಹೆಸರಿನ ಅಕ್ಷರ ಸೇರಿಸಿ "ಮಾದೇಶ ಎಸ್.", "ಮಾದೇಶ ಪಿ." ಎಂದು ಕರೆಯಿರಿ. ಎರಡು ದಿನದಲ್ಲಿ ಇಡೀ ತರಗತಿ ಹಾಗೆಯೇ ಕರೆಯುತ್ತದೆ.

ಹಾಜರಿ ಪುಸ್ತಕದ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಗುವಿಗೊಂದು ಪುಟ. ಮನೆಯಲ್ಲಿ ಆಡುವ ಮಾತು ಯಾವುದು, ಮನೆಯಲ್ಲಿ ಈಗ ಯಾರಿದ್ದಾರೆ, ಶಾಲೆಗೆ ಎಷ್ಟು ದೂರ ನಡೆದು ಬರುತ್ತದೆ, ಯಾವ ಕೆಲಸ ಚೆನ್ನಾಗಿ ಬರುತ್ತದೆ, ಇಷ್ಟು ಸಾಕು. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೆಜ್ಜೇನು, ತುಡುವೆ, ಕಡ್ಡಿಜೇನು ಇವು ಎಲ್ಲೆಲ್ಲಿ ಗೂಡು ಕಟ್ಟುತ್ತವೆ ಎಂದು ಸೋಲಿಗರ ಮಗುವೊಂದು ಹೇಳಬಲ್ಲದಾದರೆ, ಅದು ವರ್ಗೀಕರಣ ಬಲ್ಲ ಮಗು. ಪರಿಸರ ಅಧ್ಯಯನದ ಪಾಠ ಅಲ್ಲಿಂದಲೇ ಶುರುವಾಗಬಹುದು. ಜೂನ್‌ನ ಸೇತುಬಂಧ ಪರೀಕ್ಷೆಯ ಅಂಕಗಳನ್ನೂ ಅದೇ ಪುಟದಲ್ಲಿ ಬರೆಯಿರಿ, ಆದರೆ ಈ ನಾಲ್ಕು ವಿಷಯ ಬರೆದ ಮೇಲೆ.

ಈ ನೋಟ್‌ಬುಕ್ ಇಲ್ಲದೆ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಬೆಟ್ಟದ ಬುಡದ ಶಾಲೆಯಲ್ಲಿ ಐದನೇ ತರಗತಿಯ ಹುಡುಗನೊಬ್ಬ ಮೊದಲ ಪೀರಿಯಡ್‌ನಲ್ಲಿ ದಿನವೂ ತೂಕಡಿಸುತ್ತಿದ್ದ. ಸೋಮಾರಿ ಎಂದುಕೊಂಡು ಹದಿನೈದು ದಿನ ಬಾಗಿಲ ಬಳಿ ನಿಲ್ಲಿಸಿದೆ. ಆಮೇಲೆ ಅವನ ತಾಯಿ ಸಿಕ್ಕಾಗ ಹೇಳಿದರು: "ರಾತ್ರಿಯೆಲ್ಲಾ ಅವರಪ್ಪನ ಜೊತೆ ಜ್ವಾಳದ ಹೊಲ ಕಾಯ್ತಾನೆ ಮೇಷ್ಟ್ರೆ. ಆನೆ ಬತ್ತವಲ್ಲ." ಹುಡುಗ ಒಮ್ಮೆಯೂ ಈ ಮಾತು ಹೇಳಿರಲಿಲ್ಲ. ಹೇಳಿದರೆ ನಾನು ನಂಬುತ್ತೇನೆಂದು ಅವನಿಗೆ ಅನ್ನಿಸಿರಲಿಲ್ಲ. ಫಸಲಿನ ತಿಂಗಳುಗಳಲ್ಲಿ ಅಂಥ ಮಕ್ಕಳಿಗೆ ಓದು, ಲೆಕ್ಕಗಳನ್ನು ಎರಡನೇ ಪೀರಿಯಡ್‌ನಿಂದ ಇಟ್ಟುಕೊಂಡರೆ ಮುಗಿಯಿತು, ಅಷ್ಟು ಸಣ್ಣ ಪರಿಹಾರ ಅದಕ್ಕಿತ್ತು.

ಎರಡನೇ ವಾರ: ಚುಕ್ಕಿ ಹಾಕಿ, ಎಣಿಸಿ

ಒಂದು ಹಾಳೆಯಲ್ಲಿ ಮಕ್ಕಳು ಕೂರುವ ಜಾಗದ ನಕ್ಷೆ ಬರೆದು ಹೆಸರು ತುಂಬಿ. ಮೇಲಿನ ತರಗತಿಯ ಒಬ್ಬ ವಿದ್ಯಾರ್ಥಿಯನ್ನೋ ಬಿಡುವಿರುವ ಸಹೋದ್ಯೋಗಿಯನ್ನೋ ಹಿಂದೆ ಕೂರಿಸಿ, ನೀವು ಯಾರನ್ನು ಪ್ರಶ್ನೆ ಕೇಳುತ್ತೀರೋ ಆ ಹೆಸರಿನ ಮೇಲೆ ಒಂದು ಚುಕ್ಕಿ ಹಾಕಲು ಹೇಳಿ. ಮೂರು ದಿನ, ಒಂದೊಂದು ಪೀರಿಯಡ್. ನಾಲ್ಕನೇ ದಿನ ಹಾಳೆ ನೋಡಿ. ಮುಂದಿನ ಸಾಲಿನಲ್ಲಿ ಚುಕ್ಕಿಗಳ ಗುಂಪು, ಗೋಡೆಯ ಪಕ್ಕ ಖಾಲಿ ಹೆಸರುಗಳು. ನಾನು ಎಲ್ಲರನ್ನೂ ಸಮನಾಗಿ ನೋಡುತ್ತೇನೆ ಎಂದು ನಂಬಿದ್ದ ಶಿಕ್ಷಕರಿಗೂ ಈ ಹಾಳೆ ಬೇರೆ ಚಿತ್ರ ತೋರಿಸುತ್ತದೆ.

ಇನ್ನೊಂದು ಎಣಿಕೆ ಮನಸ್ಸಿನಲ್ಲೇ ಮಾಡುವಂಥದ್ದು. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಗುರುತಿಸಿದ ವಿಷಯ ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಹಿಂದುಳಿದವರು ಎಂದು ತಾವೇ ಗುರುತಿಸಿದ ಮಕ್ಕಳಿಗೆ ಇನ್ನೂ ಕಡಿಮೆ. ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದಿರುವುದು ಕಡಿಮೆಯಾಯಿತು, ಸುಮ್ಮನಿರುತ್ತಿದ್ದ ಮಕ್ಕಳು ಮಾತಾಡಿದರು. ಮನೆಯಲ್ಲಿ ತಮಿಳೋ ಸೋಲಿಗ ನುಡಿಯೋ ಆಡುವ ಮಗು ಪ್ರಶ್ನೆಯನ್ನು ಮೊದಲು ತನ್ನ ಮಾತಿಗೆ ತಂದುಕೊಂಡು, ಯೋಚಿಸಿ, ಮತ್ತೆ ಪುಸ್ತಕದ ಕನ್ನಡಕ್ಕೆ ತರಬೇಕು. ಆ ಮಗುವಿಗೆ ಒಂದು ಸೆಕೆಂಡಿನಲ್ಲಿ ಉತ್ತರ ಬರಲಿಲ್ಲವೆಂದು ಪಕ್ಕದವರಿಗೆ ದಾಟಿದರೆ ನಾವು ಅಳೆದದ್ದು ಬುದ್ಧಿಯನ್ನಲ್ಲ. ಒಂದು, ಎರಡು, ಮೂರು ಎಂದು ಒಳಗೇ ಎಣಿಸಿ. ಮೊದಲ ದಿನ ಆ ಮೌನ ಬಹಳ ಉದ್ದ ಅನ್ನಿಸುತ್ತದೆ, ಸಹಿಸಿಕೊಳ್ಳಿ.

ಹಾಲು, ಆಲು, ಪಾಲ್

ಈ ಸೀಮೆಯ ಮಾತಿನಲ್ಲಿ ಹಕಾರ ಬಿಟ್ಟುಹೋಗುತ್ತದೆ. ಮಗು "ಅಸು ಆಲು ಕೊಡ್ತದೆ" ಎಂದೇ ಬರೆಯುತ್ತದೆ. ಕೆಂಪು ಶಾಯಿಯಲ್ಲಿ ಎರಡು ಸುತ್ತು ಹಾಕಿ "ಉಚ್ಚಾರಣೆ ಸರಿ ಇಲ್ಲ" ಎಂದರೆ ಆ ಮಗುವಿಗೆ ಕೇಳಿಸುವುದು "ನಿನ್ನ ಅಮ್ಮ ಆಡುವ ಮಾತು ಸರಿ ಇಲ್ಲ" ಎಂದು. ಬದಲಿಗೆ ಕಪ್ಪುಹಲಗೆಯಲ್ಲಿ ಮೂರು ಕಾಲಂ ಗೀಚಿ. ಮೊದಲನೆಯದರಲ್ಲಿ ಮನೆಯ ಮಾತು: ಆಲು, ಅಸು. ಎರಡನೆಯದರಲ್ಲಿ ಪುಸ್ತಕದ ಮಾತು: ಹಾಲು, ಹಸು. ಮೂರನೆಯದರಲ್ಲಿ ತಮಿಳು ಮನೆಯ ಮಕ್ಕಳು ಹೇಳಲಿ: ಪಾಲ್, ಪಸು. ಹತ್ತು ನಿಮಿಷದಲ್ಲಿ ಮಕ್ಕಳೇ ನಿಯಮ ಕಂಡುಹಿಡಿಯುತ್ತಾರೆ, ಇಂಥ ಪದಗಳಲ್ಲಿ ತಮಿಳಿನ ಪಕಾರ ಇಲ್ಲಿ ಹಕಾರವಾಗಿದೆ ಎಂದು. ತಮಿಳು ಮನೆಯಿಂದ ಬಂದ ಮಗು ಒಂದನೇ ತರಗತಿಯಲ್ಲಿ "ಲೆಕ್ಕ ಮಾಡು" ಎಂಬುದನ್ನು ಕೇಳಿ ಗೊಂದಲದಿಂದ ನೋಡಿದರೆ ಅಚ್ಚರಿಪಡಬೇಡಿ, ತಮಿಳಿನಲ್ಲಿ 'ಮಾಡು' ಎಂದರೆ ದನ. ಇಷ್ಟು ತಿಳಿದ ಶಿಕ್ಷಕರು ಆ ಮಗುವನ್ನು "ಕನ್ನಡ ಬರದವನು" ಎನ್ನುವುದಿಲ್ಲ, ಎರಡು ಭಾಷೆ ಬರುವವನು ಎನ್ನುತ್ತಾರೆ.

ತಪ್ಪಿನ ಒಳಗೆ ನೋಡಿ

ಮಗು 52ರಲ್ಲಿ 27 ಕಳೆದು 35 ಎಂದು ಬರೆದಿದೆ. ಅಡ್ಡಗೀಟು ಹಾಕಿ ಮುಂದೆ ಹೋಗುವುದು ಸುಲಭ. ಒಂದು ನಿಮಿಷ ನಿಂತು "ಹೇಗೆ ಮಾಡಿದೆ, ಹೇಳಪ್ಪ" ಎಂದು ಕೇಳಿ. "ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ" ಎನ್ನುತ್ತದೆ ಮಗು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟ ನಿಯಮವನ್ನು ಅದು ಅಂಕಿ ಅಂಕಿಗೂ ನಿಷ್ಠೆಯಿಂದ ಪಾಲಿಸಿದೆ. ಅಲ್ಲಿ ಯೋಚನೆ ಇದೆ, ಬಿಡಿ-ಹತ್ತುಗಳ ಕಲ್ಪನೆ ಮಾತ್ರ ಇಲ್ಲ. ಹತ್ತತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು, ಒಂದು ಕಟ್ಟನ್ನು ಮಗುವಿನ ಕೈಯಲ್ಲೇ ಬಿಚ್ಚಿಸಿ. ಹನ್ನೆರಡರಲ್ಲಿ ಏಳು ತೆಗೆಯುತ್ತದೆ, ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ತೆಗೆಯುತ್ತದೆ, 25 ಕೈಯಲ್ಲೇ ಉಳಿಯುತ್ತದೆ. ನೋಟ್‌ಬುಕ್ಕಿನ ಆ ಮಗುವಿನ ಪುಟದಲ್ಲಿ "ಗಣಿತದಲ್ಲಿ ವೀಕ್" ಎಂದು ಬರೆಯಬೇಡಿ, "ಕಟ್ಟು ಬಿಚ್ಚುವುದು ಇನ್ನೊಮ್ಮೆ" ಎಂದು ಬರೆಯಿರಿ. ಎರಡನೆಯ ಟಿಪ್ಪಣಿ ನಾಳೆ ಮಾಡಬೇಕಾದ ಕೆಲಸವನ್ನು ಹೇಳುತ್ತದೆ.

ಕೋಲು ಮತ್ತು ನಾಲಿಗೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ದಡ್ಡ", "ಕಾಡುಜನ", "ದನ ಕಾಯೋಕ್ ಹೋಗು" ಎಂಬ ಮಾತುಗಳು ರೂಢಿಯಾಗಿರುವುದರಿಂದ ಅವು ಕಿರುಕುಳ ಅನ್ನಿಸುವುದಿಲ್ಲ, ಅಷ್ಟೇ. ಸಿಟ್ಟು ಬಂದಾಗ ಮಾಡಬೇಕಾದದ್ದು ಒಂದೇ: ತರಗತಿಗೆ ಬರೆಯುವ ಕೆಲಸ ಕೊಟ್ಟು ಬಾಗಿಲ ಹೊರಗೆ ಅರ್ಧ ನಿಮಿಷ ನಿಂತು ಬನ್ನಿ, ಸಿಟ್ಟು ತರಿಸಿದ ಮಗುವಿನ ಜೊತೆ ಬಿಸಿಯೂಟದ ಹೊತ್ತಿನಲ್ಲಿ ಪ್ರತ್ಯೇಕವಾಗಿ ಮಾತಾಡಿ. ಮಕ್ಕಳಿಗೆ ತೊಂದರೆಯಾದರೆ ಕರೆ ಮಾಡುವ 1098 ಸಂಖ್ಯೆಯನ್ನು ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆಸಿ. ಅದು ಶಿಕ್ಷಕರ ವಿರುದ್ಧದ ಸಂಖ್ಯೆಯಲ್ಲ.

ಗುಳೆಯಿಂದ ಮರಳಿದ ಮಗು

ಮಳೆ ಕೈಕೊಟ್ಟ ವರ್ಷ ಇಲ್ಲಿನ ಕುಟುಂಬಗಳು ಕೊಡಗಿನ ತೋಟಗಳಿಗೆ, ತಮಿಳುನಾಡಿನ ಕಡೆಗೆ ಕೂಲಿಗೆ ಹೋಗುತ್ತವೆ. ಎರಡು ತಿಂಗಳ ಮೇಲೆ ಬಾಗಿಲಲ್ಲಿ ಬಂದು ನಿಂತ ಮಗುವಿಗೆ "ಬಂದ್ಯಾ? ಈಗ ನೆನಪಾಯ್ತಾ ಶಾಲೆ?" ಎನ್ನುವುದು ನಮ್ಮಲ್ಲಿ ಬಹುತೇಕ ಸಹಜ ಸ್ವಾಗತ. ಹೋಗಲು ತೀರ್ಮಾನಿಸಿದ್ದು ಮಗುವಲ್ಲ. "ಬಾ, ನಿನ್ನ ಜಾಗ ಹಾಗೇ ಇದೆ" ಎಂದು ಹೇಳಿ, ಹಾಗೆಯೇ ಇಟ್ಟಿರಿ ಕೂಡ.

ಪಾಠ ತಪ್ಪಿಹೋಯಿತಲ್ಲ ಎಂಬ ಚಿಂತೆಗೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಅದೂ ಕಾಡಂಚಿನ ತಾಲ್ಲೂಕೇ, ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ನಲಿ-ಕಲಿಯನ್ನು ಶುರುಮಾಡಿದರು. ಪಾಠಗಳನ್ನು ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಿದರು. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟುಹೋಗಿತ್ತೋ ಅದೇ ಮೆಟ್ಟಿಲಿಂದ ಮುಂದುವರಿಯುತ್ತದೆ. ಶಿಕ್ಷಕರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲಕ್ಕೆ ಕೂತರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಬಂತು. ಕಾರ್ಡುಗಳು ಎಲ್ಲ ಶಾಲೆಗೂ ತಲುಪಿದವು, ಆ ಶಿಕ್ಷಕರ ನೋಟ ಎಲ್ಲ ಕಡೆಗೂ ತಲುಪಲಿಲ್ಲ. ಏಣಿಯನ್ನು ಗೋಡೆಗೆ ಅಂಟಿಸಿ ಎಲ್ಲರಿಗೂ ಒಂದೇ ಕಾರ್ಡು ಓದಿಸುವ ತರಗತಿಗಳನ್ನು ನಾನು ಕಂಡಿದ್ದೇನೆ. ದೊಡ್ಡ ತರಗತಿಗಳಲ್ಲಿ ಏಣಿ ಇಲ್ಲದಿದ್ದರೂ ಪರವಾಗಿಲ್ಲ: ಪ್ರತಿ ಪಾಠದಲ್ಲೂ ಬಿಡಲಾಗದ ಒಂದು ಅಂಶವನ್ನು ಗುರುತಿಸಿ ಪಟ್ಟಿ ಮಾಡಿಡಿ, ಮರಳಿದ ಮಗುವಿಗೆ ದಿನಕ್ಕೆ ಒಂದರಂತೆ ಕೊಡಿ.

ಪೋಷಕರು ಬಂದಾಗ

ಮೊದಲು ಕುರ್ಚಿ. ಶಾಲೆಯ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಲ್ಲುವ ತಂದೆಯನ್ನು "ಬನ್ನಿ, ಕೂತ್ಕೊಳ್ಳಿ" ಎಂದು ಕೂರಿಸಿದರೆ ಪಕ್ಕದಲ್ಲಿ ನಿಂತ ಮಗು ಅದನ್ನು ನೋಡುತ್ತಿರುತ್ತದೆ. ಆಮೇಲೆ ಮಗುವಿನ ಬಗ್ಗೆ ನಿಜವಾದ ಒಂದು ಒಳ್ಳೆಯ ಸಂಗತಿ. ದೂರು ಕೊನೆಗೆ, ಅದೂ "ಮನೆಯಲ್ಲಿ ಹೀಗೆ ಮಾಡಬಹುದಾ" ಎಂಬ ಕೇಳಿಕೆಯಾಗಿ.

ಇಷ್ಟಾದ ಮೇಲೂ "ಈ ಮಕ್ಕಳು ಎಲ್ಲಿಗೆ ಹೋಗ್ತಾರೆ ಬಿಡಿ" ಎನ್ನುವವರಿಗೆ ಪಕ್ಕದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಉತ್ತರ ಕೊಟ್ಟಾಗಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು, ಸೋಲಿಗರ ಮಕ್ಕಳಿಗೆ ಶಾಲೆ ತೆರೆದರು. ಡಾ. ಸಿ. ಮಾದೇಗೌಡರಂಥ ಸೋಲಿಗರು ಇಂದು ಪಿಎಚ್‌ಡಿ ಪಡೆದು ತಮ್ಮ ಜನರ ಅರಣ್ಯ ಹಕ್ಕಿನ ಪರವಾಗಿ ದುಡಿಯುತ್ತಿದ್ದಾರೆ.

ಇನ್ನೊಂದು ಮಾತನ್ನು ಇಲಾಖೆಗೆ ಹೇಳಲೇಬೇಕು. ಐದು ತರಗತಿಗೆ ಒಬ್ಬರೇ ಇರುವ ಶಾಲೆಯ ಶಿಕ್ಷಕರಿಂದ ಮೂರು ಸೆಕೆಂಡಿನ ತಾಳ್ಮೆ ಕೇಳುವುದು ಅನ್ಯಾಯ. ಅವರು ಪಾಠವನ್ನೂ ಮಾಡಬೇಕು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು, ಮೊಬೈಲಿನಲ್ಲಿ ಮಾಹಿತಿಯನ್ನೂ ತುಂಬಬೇಕು. ಕಾಡಂಚಿನ ಶಾಲೆಗಳಿಗೆ ಮೊದಲು ಹುದ್ದೆ ತುಂಬಿ, ಬಂದವರು ನಾಲ್ಕೈದು ವರ್ಷ ಉಳಿಯುವಂತೆ ವಸತಿ ಕೊಡಿ. ಶಿಕ್ಷಕರನ್ನು ಗದರಿಸುವ ಪರಿಶೀಲನೆಯಿಂದ ಗದರಿಸದ ಶಿಕ್ಷಕರು ಹುಟ್ಟುವುದಿಲ್ಲ.

ಅಲ್ಲಿಯವರೆಗೆ ಒಂದು ಹಾಳೆ ಸಾಕು. ಈ ಸೋಮವಾರ ಮೊದಲ ಪೀರಿಯಡ್‌ಗೆ ಹೋಗುವಾಗ ಮಕ್ಕಳು ಕೂರುವ ಜಾಗದ ನಕ್ಷೆ ಒಯ್ಯಿರಿ, ಮೂರು ದಿನ ಚುಕ್ಕಿ ಹಾಕಿಸಿ. ಗುರುವಾರ ಯಾವ ಹೆಸರಿನ ಮೇಲೆ ಒಂದೂ ಚುಕ್ಕಿ ಇಲ್ಲವೋ, ಆ ಮಗುವನ್ನು ಮೊದಲು ಕೇಳಿ.