ಹಜರತ್‌ಬಲ್‌ನ ಪವಿತ್ರ ಕೇಶ

ಮಹಾಪುರುಷರು ಕಣ್ಮರೆಯಾದ ಮೇಲೆ ಅವರ ನೆನಪು ಜನರ ಮನಸ್ಸಿನಲ್ಲಿ ಮಾತ್ರವಲ್ಲದೆ ಅವರಿಗೆ ಸಂಬಂಧಿಸಿದ ವಸ್ತುಗಳಲ್ಲಿಯೂ ಉಳಿದುಬರುತ್ತದೆ. ಶ್ರೀಲಂಕೆಯ ಕ್ಯಾಂಡಿ ನಗರದಲ್ಲಿ ಬೌದ್ಧರು ಬುದ್ಧನ ದಂತವನ್ನು ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಅಂತೆಯೇ ಪ್ರವಾದಿ ಮುಹಮ್ಮದರವೆಂದು ನಂಬಲಾದ ಕೇಶ, ನಿಲುವಂಗಿ, ಹೆಜ್ಜೆಗುರುತುಗಳನ್ನು ಮುಸ್ಲಿಮರು ಹಲವು ದೇಶಗಳಲ್ಲಿ ಜೋಪಾನವಾಗಿರಿಸಿದ್ದಾರೆ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಇಂತಹ ಹಲವು ವಸ್ತುಗಳಿವೆ.

ಇಸ್ಲಾಂ ಧರ್ಮದಲ್ಲಿ ಆರಾಧನೆಗೆ ಅರ್ಹನಾದವನು ದೇವರೊಬ್ಬನೇ. ಪ್ರವಾದಿಯವರು ದೇವರ ದೂತರು, ಆದರೂ ಮನುಷ್ಯರೇ. ಆದುದರಿಂದ ಇಂತಹ ವಸ್ತುಗಳಿಗೆ ವಿಶೇಷ ಗೌರವ ಸಲ್ಲಿಸುವುದು ಸರಿಯಲ್ಲವೆಂದು ವಾದಿಸುವ ವಿದ್ವಾಂಸರೂ ಆ ಧರ್ಮದಲ್ಲಿದ್ದಾರೆ. ಆದರೆ ಪ್ರವಾದಿಯವರು ಹಜ್ ಯಾತ್ರೆಯಲ್ಲಿ ತಲೆಗೂದಲು ತೆಗೆಸಿದಾಗ ಅದನ್ನು ಅನುಚರರಿಗೆ ಹಂಚಲಾಯಿತೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಇದನ್ನು ಆಧಾರವಾಗಿಟ್ಟುಕೊಂಡು ಅನೇಕರು, 'ಇದು ಆರಾಧನೆಯಲ್ಲ, ಪ್ರೀತಿಯ ಕುರುಹು' ಎನ್ನುತ್ತಾರೆ.

ಕಾಶ್ಮೀರದ ಶ್ರೀನಗರದಲ್ಲಿ, ದಾಲ್ ಸರೋವರದ ದಡದಲ್ಲಿರುವ ಹಜರತ್‌ಬಲ್ ದರ್ಗಾ ಈ ಪ್ರೀತಿಗೆ ಒಂದು ನಿದರ್ಶನ. ಅಲ್ಲಿ ಗಾಜಿನ ಪುಟ್ಟ ನಳಿಕೆಯೊಂದರಲ್ಲಿ ಪ್ರವಾದಿಯವರದೆಂದು ನಂಬಲಾದ ಒಂದು ಕೇಶವಿದೆ. ವರ್ಷದ ಕೆಲವು ಪವಿತ್ರ ದಿನಗಳಲ್ಲಿ ಮಾತ್ರ ಅದರ ದರ್ಶನ ದೊರೆಯುತ್ತದೆ. ಈ ಕೇಶಕ್ಕೂ ಕನ್ನಡ ನಾಡಿಗೂ ಸಂಬಂಧವುಂಟು. ಪರಂಪರೆಯ ಪ್ರಕಾರ, ಸೈಯದ್ ಅಬ್ದುಲ್ಲಾ ಎಂಬುವರು 1635ರಲ್ಲಿ ಅದನ್ನು ಮದೀನಾದಿಂದ ವಿಜಯಪುರಕ್ಕೆ ತಂದರು. ಅವರ ಮಗನಿಂದ ಅದು ನೂರುದ್ದೀನ್ ಈಶಾಯಿ ಎಂಬ ಕಾಶ್ಮೀರಿ ವರ್ತಕನ ಕೈಸೇರಿ, ಮುಂದೆ ಕಾಶ್ಮೀರವನ್ನು ತಲುಪಿತು. ವಿಜಯಪುರದ ಆಸಾರ್ ಮಹಲಿನಲ್ಲಿಯೂ ಪ್ರವಾದಿಯವರ ಕೇಶಗಳಿವೆಯೆಂಬ ನಂಬಿಕೆ ಉಂಟು. 'ಆಸಾರ್' ಎಂದರೆ ಕುರುಹುಗಳು ಎಂದೇ ಅರ್ಥ. ಮುಹಮ್ಮದ್ ಆದಿಲ್‌ಶಾಹನು ನ್ಯಾಯದಾನಕ್ಕೆಂದು ಕಟ್ಟಿಸಿದ ಭವನ ಈ ಕುರುಹುಗಳಿಂದಲೇ ಆ ಹೆಸರನ್ನು ಪಡೆಯಿತು.

1963ರ ಡಿಸೆಂಬರ್ 27ರ ಬೆಳಗಿನ ಜಾವ ಹಜರತ್‌ಬಲ್‌ನ ಕೇಶವು ಕಳವಾದ ಸಂಗತಿ ಬಯಲಾಯಿತು. ಸುದ್ದಿ ಹರಡಿದೊಡನೆ ಕಣಿವೆಯೇ ಶೋಕದಲ್ಲಿ ಮುಳುಗಿತು. ಅಂಗಡಿಗಳು ಮುಚ್ಚಿದವು. ಕೊರೆಯುವ ಚಳಿಯನ್ನು ಲೆಕ್ಕಿಸದೆ ಸಹಸ್ರಾರು ಜನರು ಕಪ್ಪು ಬಾವುಟ ಹಿಡಿದು ಬೀದಿಗಿಳಿದರು. ಆ ಮೆರವಣಿಗೆಗಳಲ್ಲಿ ಮುಸ್ಲಿಮರೊಡನೆ ಹಿಂದೂಗಳೂ ಸಿಖ್ಖರೂ ನಡೆದರು. ನೆರೆಯವನ ದುಃಖ ತಮ್ಮದೂ ಹೌದೆಂದು ಅವರು ತೋರಿಸಿಕೊಟ್ಟರು.

1964ರ ಜನವರಿ 4ರಂದು ಕೇಶವು ಮರಳಿ ದೊರೆಯಿತು. ಆದರೆ ದೊರೆತದ್ದು ನಿಜವಾದುದೇ ಎಂಬ ಸಂದೇಹ ಜನರನ್ನು ಕಾಡಿತು. ಅದನ್ನು ಬಲ್ಲ ಹಿರಿಯರೇ ಪರೀಕ್ಷಿಸಬೇಕೆಂದು ಅವರು ಪಟ್ಟುಹಿಡಿದರು. ಕೇಂದ್ರ ಸರ್ಕಾರದ ಪರವಾಗಿ ಶ್ರೀನಗರಕ್ಕೆ ಬಂದ ಲಾಲ್ ಬಹಾದೂರ್ ಶಾಸ್ತ್ರಿಯವರು ಈ ಬೇಡಿಕೆಯನ್ನು ಮನ್ನಿಸಿದರು. ಫೆಬ್ರವರಿ 3ರಂದು ಧರ್ಮಗುರುಗಳು ಒಂದೆಡೆ ಸೇರಿದರು. ಸರ್ವರ ಗೌರವಕ್ಕೆ ಪಾತ್ರರಾಗಿದ್ದ ಮೀರಕ್ ಷಾ ಕಾಶಾನಿಯವರು ಕೇಶವನ್ನು ನೋಡಿ, ಅದೇ ನಿಜವಾದುದೆಂದು ಸಮ್ಮತಿಸಿದರು. ಜನರು ನೆಮ್ಮದಿಯ ನಿಟ್ಟುಸಿರು ಬಿಟ್ಟರು.

ಆದರೆ ಇದೇ ಸುದ್ದಿ ದೂರದಲ್ಲಿ ಬೇರೆಯೇ ಫಲವನ್ನು ಕೊಟ್ಟಿತು. ಆ ಜನವರಿಯಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಖುಲ್ನಾದಲ್ಲಿ ನಿರಪರಾಧಿಗಳಾದ ಹಿಂದೂಗಳು ಹಿಂಸೆಗೆ ಬಲಿಯಾದರು. ಅದರ ಬೆನ್ನಿಗೇ ಕಲ್ಕತ್ತದಲ್ಲಿ ನಿರಪರಾಧಿಗಳಾದ ಮುಸ್ಲಿಮರು ಬಲಿಯಾದರು. ಕಳವಿನ ಆಘಾತವನ್ನು ಪ್ರತ್ಯಕ್ಷವಾಗಿ ಅನುಭವಿಸಿದ ಶ್ರೀನಗರದ ಜನರು ನೆರೆಯವರನ್ನು ದ್ವೇಷಿಸಲಿಲ್ಲ. ದೂರದಿಂದ ಕೇಳಿದವರು ಶಸ್ತ್ರ ಹಿಡಿದರು.

ಒಂದು ಕೂದಲೆಳೆ ಯಾರನ್ನೂ ಕೂಡಿಸಲಾರದು, ಯಾರನ್ನೂ ಅಗಲಿಸಲಾರದು. ಕೂಡಿಸುವುದೂ ಅಗಲಿಸುವುದೂ ಮನುಷ್ಯರ ಮನಸ್ಸು. ಪರರ ಶ್ರದ್ಧೆಯಲ್ಲಿ ಪಾಲು ಇಲ್ಲದಿದ್ದರೂ ಅವರ ದುಃಖದಲ್ಲಿ ಪಾಲುಗೊಳ್ಳಲು ಸಾಧ್ಯವೆಂಬುದನ್ನು ಶ್ರೀನಗರದ ಬೀದಿಗಳು ಆ ಚಳಿಗಾಲದಲ್ಲಿ ತೋರಿಸಿಕೊಟ್ಟವು.